ಔಟಾದ ಸಿಟ್ಟಿಗೆ ಬ್ಯಾಟ್ ಎಸೆದ ಮಗನಿಗೆ ದೊಡ್ಡ ಆಟಗಾರರ ಕೋಪವನ್ನು ಹೇಗೆ ವಿವರಿಸಲಿ?

ಡೊಂಬಿವಲಿಯಿಂದ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ 13 ವರ್ಷದ ಮಗ ಕ್ಲಬ್ ಕ್ರಿಕೆಟ್ ಆಡುತ್ತಾನೆ. ಕಳೆದ ಭಾನುವಾರ ಆಜಾದ್ ಮೈದಾನದಲ್ಲಿ ಎಲ್‌ಬಿಡಬ್ಲ್ಯು ಆದಾಗ, ಚೆಂಡು ಮೊದಲು ಬ್ಯಾಟಿಗೆ ತಗುಲಿತ್ತೆಂದು (ತಗುಲಿದ್ದರೆ ಅದು ಔಟಲ್ಲ) ಅಂಪೈರರಿಗೆ ಸನ್ನೆ ಮಾಡಿ ತೋರಿಸಿದನಲ್ಲದೆ, ಹೊರಗೆ ಬರುತ್ತಾ ಬ್ಯಾಟನ್ನು ಬೀಸಿ ಎಸೆದನು. ಆ ಮೈದಾನದಲ್ಲಿ ಒಂದು ಪಂದ್ಯದ ಮೈಮೇಲೆಯೇ ಇನ್ನೊಂದು ಪಂದ್ಯ ನಡೆಯುತ್ತಿರುತ್ತದೆ. ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದ ಪಕ್ಕದ ಪಂದ್ಯದ ಹುಡುಗನೊಬ್ಬನ ಹಿಮ್ಮಡಿಗೆ ಬ್ಯಾಟಿನ ಹಿಡಿ ಬಡಿಯಿತು. ಪೆಟ್ಟು ದೊಡ್ಡದಲ್ಲ. ಆದರೂ ಕೋಚ್ ಮಗನನ್ನು ಎರಡು ಪಂದ್ಯಗಳಿಂದ ಹೊರಗಿಟ್ಟಿದ್ದಾರೆ.

ಮರಳುವಾಗ ಲೋಕಲ್ ರೈಲಿನಲ್ಲಿ ಬುದ್ಧಿ ಹೇಳಹೊರಟರೆ ಅವನೇ ನನಗೆ ಪಾಠ ಹೇಳಿದನು. 1981ರಲ್ಲಿ ಗಾವಸ್ಕರ್ ಮೆಲ್ಬರ್ನಿನಲ್ಲಿ ಮೈದಾನ ಬಿಟ್ಟು ಹೊರಡಲಿಲ್ಲವೇ, 2006ರ ವಿಶ್ವಕಪ್ ಫೈನಲಿನಲ್ಲಿ ಜಿದಾನ್ ಎದುರಾಳಿಯ ಎದೆಗೆ ತಲೆಯಿಂದ ಗುದ್ದಲಿಲ್ಲವೇ, ಅಷ್ಟೇಕೆ, ನಿಮ್ಮ ದ್ರಾವಿಡ್ ವಾಂಖೆಡೆಯಲ್ಲಿ ಟೋಪಿ ಎಸೆಯಲಿಲ್ಲವೇ ಎಂದು ಕೇಳಿದನು. (ಇಲ್ಲೇ ಹುಟ್ಟಿ ಬೆಳೆದವನಿಗೆ ಗಾವಸ್ಕರ್ ‘ನಮ್ಮವರು’, ದ್ರಾವಿಡ್ ‘ನಿಮ್ಮವರು’, ಅದು ಬೇರೆ ಮಾತು.) ಸಿಟ್ಟಿಲ್ಲದವನು ಖಡೂಸ್ (ಮುಂಬೈ ಕ್ರಿಕೆಟಿನ ಮಾತಿನಲ್ಲಿ, ಸುಲಭಕ್ಕೆ ಮಣಿಯದ ಹಟವಾದಿ) ಆಗಲಾರನು ಎಂಬುದು ಅವನ ವಾದ. ಬಲ್ಲವರು ಉತ್ತರ ಸೂಚಿಸಬೇಕೆಂದು ವಿನಂತಿ.

ಠಾಣೆಯಿಂದ ಮಾಜಿ ಕ್ಲಬ್ ಅಂಪೈರ್

ತಮ್ಮ ಮಗನ ಉದಾಹರಣೆಗಳು ಸರಿಯಾಗಿಯೇ ಇವೆ, ಆದರೆ ಮೂರನ್ನೂ ಅವನು ಅರ್ಧಕ್ಕೇ ನಿಲ್ಲಿಸಿದ್ದಾನೆ. ಮೆಲ್ಬರ್ನಿನಲ್ಲಿ 70 ರನ್ ಗಳಿಸಿದ್ದ ಗಾವಸ್ಕರ್, ಎಲ್‌ಬಿಡಬ್ಲ್ಯು ತೀರ್ಪಿಗೂ ಬೌಲರ್ ಲಿಲ್ಲಿಯವರ ವರ್ತನೆಗೂ ರೇಗಿ, ಜೊತೆಗಾರ ಚೇತನ್ ಚೌಹಾಣರನ್ನೂ ಕರೆದುಕೊಂಡು ಹೊರಟರು. ಬೌಂಡರಿ ಗೆರೆಯ ಬಳಿ ವ್ಯವಸ್ಥಾಪಕ ದುರಾನಿಯವರು ಎದುರಾಗಿ ಚೌಹಾಣರನ್ನು ಹಿಂದಕ್ಕೆ ಕಳುಹಿಸದೆ ಇದ್ದಿದ್ದರೆ ಭಾರತ ಪಂದ್ಯವನ್ನೇ ಬಿಟ್ಟುಕೊಡಬೇಕಾಗುತ್ತಿತ್ತು. ಮುಂದೆ 143 ರನ್ ಬೆನ್ನಟ್ಟಿದ ಆಸ್ಟ್ರೇಲಿಯಾ, ಕಪಿಲ್ ದೇವ್ 28 ರನ್ನಿಗೆ 5 ವಿಕೆಟ್ ಕಿತ್ತಾಗ 83ಕ್ಕೆ ಕುಸಿಯಿತು. ನಾವು 59 ರನ್ನುಗಳಿಂದ ಗೆದ್ದೆವು. ಗಾವಸ್ಕರರನ್ನು ಖಡೂಸ್ ಎನ್ನುವುದು ಅವರು ಗಂಟೆಗಟ್ಟಲೆ ಕ್ರೀಸು ಬಿಡದೆ ನಿಲ್ಲುತ್ತಿದ್ದುದಕ್ಕೆ; ಅಂದು ಅವರು ಬಿಡಲು ಹೊರಟದ್ದು ಅದನ್ನೇ. ಜಿದಾನ್ 110ನೇ ನಿಮಿಷದಲ್ಲಿ ಕೆಂಪು ಕಾರ್ಡ್ ಪಡೆದು ಹೊರನಡೆದರು. ಅದೇ ಪಂದ್ಯದ 7ನೇ ನಿಮಿಷದಲ್ಲಿ ಪೆನಾಲ್ಟಿಯನ್ನು ಗೋಲಾಗಿಸಿದ್ದವರು, ಕೊನೆಗೆ ಫ್ರಾನ್ಸ್ ಶೂಟೌಟಿನಲ್ಲಿ ಸೋತಾಗ ಮೈದಾನದಲ್ಲಿರಲಿಲ್ಲ.

ದ್ರಾವಿಡರದು 2014ರ ಐಪಿಎಲ್ ಮಾತು, ಮತ್ತು ಅಂದು ನಾನೂ ವಾಂಖೆಡೆಯಲ್ಲಿದ್ದೆ. ರನ್ ಸರಾಸರಿಯಲ್ಲಿ ರಾಜಸ್ಥಾನವನ್ನು ಹಿಂದಿಕ್ಕಿ ಪ್ಲೇಆಫ್ ತಲುಪಲು ಮುಂಬೈ 14.3 ಓವರುಗಳಲ್ಲಿ 190 ರನ್ ಗಳಿಸಬೇಕಿತ್ತು, 189ಕ್ಕೆ ನಿಂತಿತು. ಮುಂದಿನ ಎಸೆತ ಬೌಂಡರಿಯಾದರೂ ಸಾಕೆಂಬ ಲೆಕ್ಕ ನಮಗೆಲ್ಲ ತಿಳಿಯುವಷ್ಟರಲ್ಲಿ ಆದಿತ್ಯ ತಾರೆ ಸಿಕ್ಸರ್ ಹೊಡೆದರು. ಆ ಗದ್ದಲದಲ್ಲಿ ಟೋಪಿ ನನ್ನ ಕಣ್ಣಿಗೆ ಬೀಳಲಿಲ್ಲ, ಮನೆಗೆ ಬಂದು ಟಿವಿಯಲ್ಲಿ ನೋಡಿದೆ. ರಾಜಸ್ಥಾನದ ಮಾರ್ಗದರ್ಶಕರಾಗಿದ್ದ ಅವರು, ಪಂದ್ಯ ಮುಗಿದ ಮೇಲೆ, ತಮ್ಮ ಟೋಪಿಯನ್ನು, ನೆಲಕ್ಕೆ ಎಸೆದರು. ಅಂಪೈರರ ಮೇಲಿನ ಸಿಟ್ಟಿಗೆ ಅದನ್ನು ಹೋಲಿಸುವುದು ನನಗೆ ಒಪ್ಪಿಗೆಯಿಲ್ಲ.

ಆಟಗಾರರ ವರ್ತನೆಯ ಕುರಿತು 2017ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕ್ರಿಕೆಟಿನ 42ನೇ ನಿಯಮವನ್ನೂ ಅವನಿಗೆ ಓದಿಸಿರಿ. ತೀರ್ಪಿಗೆ ಅಸಮ್ಮತಿ ತೋರಿದರೆ ಮೊದಲ ಎಚ್ಚರಿಕೆ ಇಡೀ ತಂಡಕ್ಕೆ ಸಲ್ಲುತ್ತದೆ. ಅದೇ ಪಂದ್ಯದಲ್ಲಿ ಅವನ ತಂಡದ ಬೇರೊಬ್ಬ ಹುಡುಗ ಅದೇ ತಪ್ಪು ಮಾಡಿದರೂ ಎದುರಾಳಿಗೆ 5 ರನ್ ಹೋಗುತ್ತದೆ. ದಂಡದ ಹಣಕ್ಕಿಂತ ಪಂದ್ಯ ತಪ್ಪುವುದೇ ಆಟಗಾರನಿಗೆ ತಾಗುವ ಶಿಕ್ಷೆ. 2023ರಲ್ಲಿ ಢಾಕಾದಲ್ಲಿ ಸ್ಟಂಪಿಗೆ ಬ್ಯಾಟ್ ಬೀಸಿದ ಹರ್ಮನ್‌ಪ್ರೀತ್ ಕೌರ್ ಅವರಿಗೂ ಎರಡು ಪಂದ್ಯಗಳ ನಿಷೇಧವೇ ಆಯಿತು.

ಒಂದು ಪ್ರಶ್ನೆ: ಮಗನು ಔಟಾದಾಗ ತಾವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ?

ಪುಣೆಯಿಂದ ಟೆನಿಸ್ ಕಲಿಸುವಾಕೆ

ಆ ಹಿಮ್ಮಡಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. 2020ರ ಯುಎಸ್ ಓಪನ್ನಿನಲ್ಲಿ ಜೊಕೊವಿಚ್ ಮೊದಲ ಸೆಟ್ಟಿನಲ್ಲಿ 5-6ರಿಂದ ಹಿಂದೆ ಬಿದ್ದಾಗ ಜೇಬಿನಲ್ಲಿದ್ದ ಚೆಂಡನ್ನು ನೋಡದೆ ಹಿಂದಕ್ಕೆ ಹೊಡೆದರು. ಅದು ಲೈನ್ ಅಂಪೈರೊಬ್ಬರ ಗಂಟಲಿಗೆ ತಗುಲಿತು. ಬೇಕೆಂದು ಮಾಡಿದ್ದಲ್ಲವೆಂದು ಎಲ್ಲರೂ ಒಪ್ಪಿದರು, ಆದರೂ ಟೂರ್ನಿಯಿಂದಲೇ ಹೊರಗೆ ಹಾಕಿದರು.

ಸಿಟ್ಟು ಬರಬಾರದೆಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ, ಏಕೆಂದರೆ ಹೇಳಿ ಪ್ರಯೋಜನವಿಲ್ಲ. ಅಂಕ ಹೋದ ಕೂಡಲೇ ರಾಕೆಟನ್ನು ಎಡಗೈಗೆ ದಾಟಿಸಿ, ನೆಟ್ಟಿಗೆ ಬೆನ್ನು ಮಾಡಿ, ಅದರ ತಂತಿಗಳನ್ನು ಬೆರಳಿನಿಂದ ಸರಿಪಡಿಸುತ್ತಾ ನಡೆಯಬೇಕೆಂದು ಕಲಿಸುತ್ತೇನೆ. ಆಡುವ ಕೈ ಖಾಲಿಯಾದರೆ ಎಸೆಯಲು ಏನೂ ಇರುವುದಿಲ್ಲ. ಔಟಾದವನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಗ್ಲೌಸ್ ಬಿಚ್ಚುತ್ತಾ ಬರುವುದೂ ಇದೇ ಕೆಲಸ ಮಾಡುತ್ತದೆ. ನೆಟ್ಸಿನಲ್ಲಿ ಪ್ರತಿ ಸಲ ಔಟಾದಾಗಲೂ ಅದನ್ನು ಮಾಡಿಸಿ.

ಡೊಂಬಿವಲಿಯಿಂದ ಅದೇ ತಂದೆ

ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಅಂಪೈರರ ಪ್ರಶ್ನೆಗೆ ಉತ್ತರಿಸದೆ ಇರುವುದು ಸರಿಯಲ್ಲ: ನಾನು ಮೈದಾನದ ಅಂಚಿನ ಮರದ ಕೆಳಗಿದ್ದೆ, ಮಗನು ಸನ್ನೆ ಮಾಡುವ ಮೊದಲೇ ‘ಬ್ಯಾಟಿಗೆ ತಗುಲಿದೆ’ ಎಂದು ಕೂಗಿದ್ದೆ. ಅಷ್ಟು ದೂರದಿಂದ ನನಗೆ ಏನೂ ಕಂಡಿರಲಿಲ್ಲ. ನಿನ್ನೆ ರಾತ್ರಿ ಮಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಗುಲಿರಲಿಲ್ಲ, ಪ್ಯಾಡಿಗೇ ಬಡಿದಿತ್ತು ಅಪ್ಪಾ ಎಂದನು.