ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಕಾ? ಹರಕೆ, ಕೀಮೋ, ಡಾಕ್ಟರ ಐದು ನಿಮಿಷ

ಪ್ರಶ್ನೆ, ಕೊಡಗಿನ ನಾಪೋಕ್ಲು ಕಡೆಯಿಂದ: ಅಪ್ಪನಿಗೆ 64. ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿದೆ. 21 ದಿನಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಾಬಿನ್ ಮಾತ್ರೆ ಅಂತ ಬರೆದುಕೊಟ್ಟಿದ್ದಾರೆ. ಅಪ್ಪನಿಗೆ ಮಾತ್ರ 'ಹೊಟ್ಟೆಯಲ್ಲಿ ಗಡ್ಡೆ' ಅಂತಷ್ಟೇ ಹೇಳಿದ್ದೇವೆ. ಹೇಳಿದರೆ ಧೈರ್ಯಗೆಡುತ್ತಾರೆ ಅಂತ ದೊಡ್ಡಪ್ಪನ ಹಠ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮುಳುಗುವ ಹರಕೆ ಬೇರೆ ಇದೆ. ಡಾಕ್ಟರು ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ತಿಳಿದವರು ಹೇಳಿ.

ಕೀಮೋ ವಾರ್ಡಿನ ನರ್ಸ್: ಮುಚ್ಚಿಟ್ಟದ್ದು ನಿಲ್ಲುವುದಿಲ್ಲ. ಕೀಮೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅಪ್ಪನೇ. ಡಿಸ್ಚಾರ್ಜ್ ಸಮ್ಮರಿಯ ಮೇಲ್ಗಡೆಯೇ 'ಕಾರ್ಸಿನೋಮಾ', ಅಂದರೆ ಕ್ಯಾನ್ಸರ್, ಅಂತ ಇರುತ್ತದೆ. ಇಷ್ಟೆಲ್ಲ ತಪ್ಪಿಸಿದರೂ, ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುವವರು 'ನಿಮಗೆ ಎಲ್ಲಿಯ ಕ್ಯಾನ್ಸರ್?' ಅಂತ ಕೇಳಿಯೇ ಕೇಳುತ್ತಾರೆ. ಹಾಗೆ ಗೊತ್ತಾದ ಮೇಲೆ ನೀವಾಗಲಿ ಡಾಕ್ಟರಾಗಲಿ 'ರಕ್ತದ ರಿಪೋರ್ಟ್ ಚೆನ್ನಾಗಿದೆ' ಅಂತ ನಿಜವನ್ನೇ ಹೇಳಿದರೂ ನಂಬುವುದಿಲ್ಲ.

ಹಾಗಂತ ಒಂದೇ ಸಲ ಎಲ್ಲ ಸುರಿಯಬೇಡಿ. ಮನೆಯಲ್ಲಿ ನೆಂಟರಿಲ್ಲದ ಹೊತ್ತು ನೋಡಿ, ಟಿವಿ ಆರಿಸಿ, ಎದುರು ಕೂತು ಮೊದಲು ಕೇಳಿ: 'ಈ ಗಡ್ಡೆ ಬಗ್ಗೆ ನಿಮಗೇನನ್ನಿಸುತ್ತದೆ ಅಪ್ಪ?' ಎಷ್ಟೋ ಜನ ಅಷ್ಟರಲ್ಲಾಗಲೇ ಅರ್ಧ ಊಹಿಸಿರುತ್ತಾರೆ. ಆಮೇಲೆ, 'ಡಾಕ್ಟರು ಎಲ್ಲವನ್ನೂ ನಿಮಗೇ ಹೇಳಬೇಕಾ, ನನಗೆ ಹೇಳಿದರೆ ಸಾಕಾ?' 'ನಿನಗೆ ಹೇಳಿದರೆ ಸಾಕು' ಅಂದರೆ ಅದೂ ಉತ್ತರವೇ, ಒತ್ತಾಯ ಬೇಡ. ತಿಳಿಯಬೇಕು ಅಂದರೆ ಒಂದು ವಾಕ್ಯ ಹೇಳಿ ಸುಮ್ಮನಿರಿ. ಆ ಮೌನ ತಡೆಯಲಾರದೆ 'ಏನೂ ಆಗಲ್ಲ ಬಿಡಿ, ದೇವರಿದ್ದಾನೆ' ಅಂತ ಮುಚ್ಚಿಹಾಕಿಬಿಡುತ್ತೇವೆ. ಅಲ್ಲಿಗೆ ಅವರೂ ಬಾಯಿ ಮುಚ್ಚುತ್ತಾರೆ.

ಆಪ್ತ ಸಮಾಲೋಚಕಿ, ವಿರಾಜಪೇಟೆ: ಮೇಲಿನದು ಸರಿ, ಆದರೆ ದೊಡ್ಡಪ್ಪನನ್ನು ಹೊರಗಿಟ್ಟು ಹೇಳಲು ಹೋಗಬೇಡಿ. ಮುಂದಿನ ಸಲ ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಠ ಅನ್ನುವುದು ಬಹಳ ಸಲ ಭಯವೇ. ಇನ್ನೊಂದು, 'ಕಾರಣನಿಗೆ (ಮನೆತನದ ಮೂಲ ಹಿರಿಯನಿಗೆ) ಏನು ತಪ್ಪಿತೋ, ಯಾವ ಹಿರಿಯರ ಕೋಪವೋ' ಅನ್ನುವ ಮಾತು ಮನೆಯಲ್ಲಿ ಎದ್ದರೆ ಅಲ್ಲೇ ತಡೆಯಿರಿ. ರೋಗಿ ಅದನ್ನು ತನ್ನ ತಪ್ಪು ಅಂತ ತಲೆಗೆ ಕಟ್ಟಿಕೊಂಡರೆ ನೋವನ್ನೂ ಶಿಕ್ಷೆ ಅಂದುಕೊಂಡು ನುಂಗುತ್ತಾರೆ, ನರ್ಸ್ ಕೇಳಿದರೂ 'ಪರವಾಗಿಲ್ಲ' ಅನ್ನುತ್ತಾರೆ. ನೆಲ್ಲಕ್ಕಿಯಲ್ಲಿ (ಮನೆಯ ನಡುಮನೆಯಲ್ಲಿ) ದೀಪ ಹಚ್ಚಿ ಅವರ ಜೊತೆ ಕೂತುಕೊಳ್ಳಿ, ಅದು ಬೇರೆ ವಿಷಯ.

ಕ್ಯಾನ್ಸರ್ ವಿಭಾಗದ ವೈದ್ಯ, ಮೈಸೂರು: ಐದು ನಿಮಿಷ ಸಾಲದು, ಒಪ್ಪುತ್ತೇನೆ. ಅದರಲ್ಲೂ ಅರ್ಧ ಹಳೆಯ ರಿಪೋರ್ಟ್ ಹುಡುಕುವುದರಲ್ಲೇ ಹೋಗುತ್ತದೆ. ಹೊಸ ಸ್ಕ್ಯಾನ್ ಮೇಲೆ, ಹಿಂದಿನದು ಕೆಳಗೆ, ಕ್ಲಿಪ್ ಹಾಕಿ. ಪ್ರಶ್ನೆ ಮೂರೇ ಇರಲಿ, ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ.

'ಗುಣ ಆಗುತ್ತಾ?' ಅಂದರೆ 'ನೋಡೋಣ' ಅನ್ನುತ್ತೇವೆ. ಹೀಗೆ ಕೇಳಿ: ಈ ಚಿಕಿತ್ಸೆ ಕಾಯಿಲೆಯನ್ನು ಪೂರ್ತಿ ತೆಗೆಯಲಿಕ್ಕಾ, ಹತೋಟಿಯಲ್ಲಿಡಲಿಕ್ಕಾ? ಎಷ್ಟು ಸೈಕಲ್ (21 ದಿನದ ಒಂದು ಸುತ್ತು) ಆದ ಮೇಲೆ ಸ್ಕ್ಯಾನ್? ಅದರಲ್ಲಿ ಕುಗ್ಗದಿದ್ದರೆ ಮುಂದೇನು? ಲಿವರ್‌ನಲ್ಲಿರುವ ಗಡ್ಡೆಗಳು ಕಡಿಮೆಯಿದ್ದರೆ ಕೆಲವರಿಗೆ ಆಪರೇಷನ್ ಸಾಧ್ಯ, ಅದನ್ನೂ ಬಿಡದೆ ಕೇಳಿ. ಕಾಲದ ಮಾತು ಬಂದರೆ ಒಂದೇ ಅಂಕೆ ಹಿಡಿಯಬೇಡಿ. ಚೆನ್ನಾಗಿ ನಡೆದರೆ ಎಷ್ಟು, ಕೆಟ್ಟರೆ ಎಷ್ಟು, ಹೆಚ್ಚಿನವರಿಗೆ ಎಷ್ಟು ಅಂತ ಕೇಳಿ. 'ಮೀಡಿಯನ್' ಅಂದರೆ ಗಡುವಲ್ಲ, ಅರ್ಧದಷ್ಟು ಜನ ಅದನ್ನು ದಾಟಿರುತ್ತಾರೆ.

ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ಅಂದ ಕೂಡಲೇ 'ಕೈಬಿಟ್ಟರು' ಅಂತ ಎದ್ದು ಬರಬೇಡಿ. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿನವರ ಪೈಕಿ ಮೊದಲಿನಿಂದಲೇ ಅದನ್ನೂ ಪಡೆದವರು ಬದುಕಿದ ಕಾಲದ ಮೀಡಿಯನ್ 11.6 ತಿಂಗಳು, ಉಳಿದವರದು 8.9. ಆ ಅಂಕೆಯನ್ನು ಕರುಳಿನ ಕ್ಯಾನ್ಸರಿಗೆ ತಂದು ಹಚ್ಚಬೇಡಿ, ಸೇವೆಯನ್ನು ಮಾತ್ರ ಕೇಳಿ ಪಡೆಯಿರಿ. ಮತ್ತೆ, ಹರಕೆ ಇರುವುದನ್ನು ನಾಚಿಕೆಪಡದೆ ಹೇಳಿ. ದೇವರನ್ನು ನಂಬದ ಡಾಕ್ಟರಿಗೂ ಆ ತಾರೀಖು ಬೇಕು.

ಔಷಧಿ ಅಂಗಡಿಯಿಂದ, ಕುಶಾಲನಗರ: ಕೆಪೆಸಿಟಾಬಿನ್‌ಗೂ ಉಪವಾಸಕ್ಕೂ ಆಗಿಬರುವುದಿಲ್ಲ. ಊಟ ಮುಗಿದು ಅರ್ಧ ಗಂಟೆಯೊಳಗೆ, ಸುಮಾರು 12 ಗಂಟೆ ಅಂತರದಲ್ಲಿ ದಿನಕ್ಕೆರಡು ಹೊತ್ತು ನುಂಗಬೇಕು. ಮಾತ್ರೆ ಇಲ್ಲದ 7 ದಿನದಲ್ಲಿ ಒಂದು ಹೊತ್ತಿನ ಊಟ ಬಿಡಬಹುದಾ ಅಂತ ಡಾಕ್ಟರನ್ನು ಕೇಳಿ. ಪೂಜೆಗೆಂದು ಮಾತ್ರೆ ತಪ್ಪಿಸಬೇಡಿ, ತಪ್ಪಿದ್ದಕ್ಕೆ ಮುಂದಿನ ಹೊತ್ತು ಡಬಲ್ ಕೊಡಲೂಬೇಡಿ. ನಾಟಿ ಮದ್ದು ನಡೆಯುತ್ತಿದ್ದರೆ ಬಾಟಲಿ ಸಮೇತ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಟ್ಟರೆ, ಲಿವರ್ ರಿಪೋರ್ಟ್ ಏರಿದಾಗ ಡಾಕ್ಟರು ಕೀಮೋವೇ ಕಾರಣ ಅಂದುಕೊಂಡು ಅದರ ಡೋಸ್ ಇಳಿಸಬೇಕಾಗುತ್ತದೆ. 'ಶಕ್ತಿಗೆ' ಅಂತ ತರುವ ಟಾನಿಕ್‌ನಲ್ಲಿ ಫೋಲಿಕ್ ಆಸಿಡ್ ಇದೆಯಾ ನೋಡಿ, ಇದ್ದರೆ ಈ ಮಾತ್ರೆಯ ಭೇದಿ, ಬಾಯಿಹುಣ್ಣು ಜೋರಾಗಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ಮುಳುಗು?

ಕೀಮೋ ವಾರ್ಡಿನ ನರ್ಸ್: ಅಕ್ಟೋಬರ್‌ನಲ್ಲಿ ಅಲ್ಲಿಯ ನೀರು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಆಕ್ಸಾಲಿಪ್ಲಾಟಿನ್ ಹೋದ ಮೊದಲ ದಿನಗಳಲ್ಲಿ ತಣ್ಣಗಿನ ಚೊಂಬು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಕಟ್ಟಿ ಉಸಿರೇ ಸಿಗದು ಅನ್ನಿಸುತ್ತದೆ. ಮುಳುಗು ಬೇಡ, ತಲೆಗೆ ಪ್ರೋಕ್ಷಣೆ ಸಾಕು. ತೀರ್ಥೋದ್ಭವದ ದಿನದ ಜನಜಂಗುಳಿಗೂ ಹೋಗಬೇಡಿ, ಬಿಳಿ ರಕ್ತಕಣ ಇಳಿದಿದ್ದರೆ ಸೋಂಕು ಹತ್ತುತ್ತದೆ. ತುಲಾ ಮಾಸ ಪೂರ್ತಿ ತೀರ್ಥಸ್ನಾನಕ್ಕೆ ಸಲ್ಲುತ್ತದಲ್ಲ, ಸೈಕಲ್‌ನ ಮೂರನೇ ವಾರ ಬೀಳುವ ದಿನ ನೋಡಿ ಡಾಕ್ಟರಿಗೆ ಈಗಲೇ ಬರೆದು ಕೊಡಿ. ಜ್ವರ 100.4 ಡಿಗ್ರಿ ಮುಟ್ಟಿತೋ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ, ಕೀಮೋ ಚೀಟಿ ಕೈಯಲ್ಲಿ ಹಿಡಿದು.

ಭಾಗಮಂಡಲದಿಂದ: ತೀರ್ಥದ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಾಟಲಿಯಲ್ಲಿ ಇಟ್ಟುಕೊಂಡ ಕಾವೇರಿ ತೀರ್ಥವನ್ನು ಕೊನೆಗಾಲಕ್ಕೆ ಚಮಚದಲ್ಲಿ ಬಾಯಿಗೆ ಬಿಡುವುದು ಅಪ್ಪನಿಗೂ ಗೊತ್ತಿರುತ್ತದೆ. ಕಾಯಿಲೆಯ ಸುದ್ದಿಯನ್ನೇ ಎತ್ತದೆ ಒಂದು ಸಂಜೆ ಚಮಚ ಹಿಡಿದು ಮುಂದೆ ನಿಂತರೆ ಅವರು ಏನಂದುಕೊಳ್ಳಬೇಕು? ಮಾತು ಮೊದಲು ಆಗಲಿ. ಆಮೇಲೆ ಕುದಿಸಿ ಉಗುರು ಬೆಚ್ಚಗಾದದ್ದನ್ನು ಲೋಟದಲ್ಲಿ ಅವರ ಕೈಗೇ ಕೊಡಿ.