ಹೊಲದಂಚಿನಲ್ಲಿ ಸಿಕ್ಕ ಉಕ್ಕಿನ ತುಂಡು ಯಾವ ಯುದ್ಧವಾಹನದ್ದು?

ಪ್ರಶ್ನೆ: ನಮಸ್ಕಾರ ಸರ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಸೋವಿಯತ್ ಟ್ಯಾಂಕುಗಳು ಕಾದಾಡಿದ ಪ್ರದೇಶದ ಹೊಲವೊಂದರಲ್ಲಿ, ಉಳುಮೆಯ ವೇಳೆ ಮೇಲೆದ್ದ ಉಕ್ಕಿನ ಎರಕದ ತುಂಡೊಂದು ಸಿಕ್ಕಿದೆ. ಅಗಲ ಸುಮಾರು 40 ಸೆಂ.ಮೀ. ಇದ್ದು, ನಡುವೆ ಕೊಂಬಿನಂತಹ ಒಂದು ಚಾಚು, ಅಂಚುಗಳಲ್ಲಿ ಪಿನ್ ಹಾಯಿಸುವ ತೂತುಗಳು ಇವೆ. ತುಕ್ಕಿನಡಿ ಅಕ್ಷರಗಳಿರುವಂತೆ ತೋರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಬಹುದೇ? ಟ್ಯಾಂಕು ಅಲ್ಲೇ ಹೂತುಹೋಗಿರಬಹುದೇ?

ಉತ್ತರ: ದಯವಿಟ್ಟು ತಂತಿ ಬ್ರಷ್ ಮುಟ್ಟಬೇಡಿ, ಎರಕದ ಅಕ್ಷರಗಳ ಜೊತೆಗೆ ಉಳಿದಿರಬಹುದಾದ ಬಣ್ಣದ ಪದರವೂ ಅದರಿಂದ ಹಾಳಾಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಮಣ್ಣು ತೆಗೆದು, ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ.

ನಿಮ್ಮ ವಿವರಣೆಯಂತೆ ಇದು ಜರ್ಮನಿಯ ಪಾಂಜರ್ 3 ಅಥವಾ 4 ಟ್ಯಾಂಕಿನ ಟ್ರ್ಯಾಕಿನ (ಚಕ್ರಗಳ ಸುತ್ತ ಓಡುವ ಉಕ್ಕಿನ ಸರಪಟ್ಟಿಯ) ಕೊಂಡಿಯಾಗಿರುವ ಸಾಧ್ಯತೆಯೇ ಹೆಚ್ಚು. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ 120 ಮಿ.ಮೀ. ಇದ್ದರೆ, ಅಥವಾ ‘ಕೆಜಿಎಸ್ 61/400/120’ ಎಂಬ ಗುರುತು ಕಂಡರೆ ಅನುಮಾನ ಉಳಿಯುವುದಿಲ್ಲ. ಅದರಲ್ಲಿ 400 ಎಂಬುದು ಅಗಲ, 120 ಎಂಬುದು ಪಿನ್ನುಗಳ ಅಂತರ. ಸೋವಿಯತ್ ಟಿ-34 ಟ್ಯಾಂಕಿನ ಕೊಂಡಿ ಸುಮಾರು 50 ಸೆಂ.ಮೀ. ಇಲ್ಲವೇ ಇನ್ನೂ ಅಗಲವಾಗಿದ್ದು, ಕೊಂಬು ಒಂದು ಬಿಟ್ಟು ಒಂದು ಕೊಂಡಿಗೆ ಮಾತ್ರ ಇರುತ್ತದೆ. ಜರ್ಮನಿಯದೇ ಪ್ಯಾಂಥರ್ ಟ್ಯಾಂಕಿನ ಕೊಂಡಿ 66 ಸೆಂ.ಮೀ. ಅಗಲವಿದ್ದು, ಅದಕ್ಕೆ ಎರಡು ಕೊಂಬುಗಳು.

ಆದರೆ ಕೊಂಡಿಯಿಂದ ತಿಳಿಯುವುದು ವಾಹನಗಳ ಕುಟುಂಬವಷ್ಟೇ, ಏಕೆಂದರೆ ಸ್ಟುಗ್ 3ರಂತಹ, ಫಿರಂಗಿ ಹೊತ್ತು ತಾವೇ ಚಲಿಸುವ ವಾಹನಗಳಿಗೂ ಇದೇ ಟ್ರ್ಯಾಕು ಇತ್ತು. ಟ್ಯಾಂಕು ಅಲ್ಲಿ ಹೂತಿದೆ ಎಂಬುದಕ್ಕಂತೂ ಇದು ಸಾಕ್ಷಿಯಲ್ಲ: ಮುರಿದ ಕೊಂಡಿಯನ್ನು ದುರಸ್ತಿಯ ವೇಳೆ ಸೈನಿಕರು ದಾರಿಯಲ್ಲೇ ಎಸೆದಿರಬಹುದು, ಯುದ್ಧಾನಂತರ ರೈತರು ಭಾರಕ್ಕೆಂದು ತಂದಿರಬಹುದು. ಪಿನ್ನಿನ ತೂತುಗಳನ್ನು ಗಮನಿಸಿ. ಅವು ಎಳೆದಂತೆ ಉದ್ದುದ್ದವಾಗಿದ್ದರೆ ಕೊಂಡಿ ಬಹಳ ಓಡಿದೆ. ಇನ್ನೂ ದುಂಡಗಿದ್ದರೆ, ಹೆಚ್ಚುವರಿ ಕವಚವಾಗಿ ಟ್ಯಾಂಕಿನ ಮುಂಭಾಗಕ್ಕೆ ನೇತುಹಾಕಿದ ಬಿಡಿ ಕೊಂಡಿಯೂ ಆಗಿರಬಹುದು.

ಆ ಜಾಗವನ್ನು ಮತ್ತೆ ಅಗೆಯಬೇಡಿ. ಸಿಡಿಯದ ಗುಂಡುಗಳು ದಶಕಗಳ ನಂತರವೂ ಜೀವಂತವಾಗಿರುತ್ತವೆ. ಅಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ.

ಮರುಪ್ರಶ್ನೆ: ಧನ್ಯವಾದಗಳು ಸರ್, ಅಂತರ ಸರಿಯಾಗಿ 120 ಮಿ.ಮೀ. ಇದೆ. ಅದೇ ಹೊಲದವರ ಕೊಟ್ಟಿಗೆಯ ಹಿಂದೆ ಜೀಪಿನ ಚಾಸಿಯೂ ಬಿದ್ದಿದೆ. ಬೋಲ್ಟುಗಳ ತಲೆಯ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ ಇರುವುದರಿಂದ ಅದು ಫೋರ್ಡ್ ಎನ್ನಬಹುದೇ?

ಉತ್ತರ: ಬೋಲ್ಟನ್ನು ನಂಬಿ ಹಾಗೆನ್ನಲಾಗದು. ಫೋರ್ಡ್ ತನ್ನ ಬಿಡಿಭಾಗಗಳಿಗೆ ಆ ಅಕ್ಷರ ಒತ್ತುತ್ತಿದ್ದುದು ನಿಜ. ಆದರೆ ಯುದ್ಧಕಾಲದ ಜೀಪನ್ನು ಎರಡು ಕಂಪನಿಗಳು ತಯಾರಿಸಿದ್ದು, ಅವುಗಳ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯೂ ಮಾದರಿಗಳು ಒಂದೇ ವಿನ್ಯಾಸದವಾದ್ದರಿಂದ, ಕೈಗೆ ಸಿಕ್ಕ ಭಾಗವನ್ನು ಸೇನೆಯ ವರ್ಕ್‌ಶಾಪುಗಳು ಯಾವುದಕ್ಕೆ ಬೇಕಾದರೂ ಜೋಡಿಸುತ್ತಿದ್ದವು. ಚಾಸಿಯ ಮುಂಭಾಗದ ಅಡ್ಡಪಟ್ಟಿಯೇ ಹೆಚ್ಚು ನಂಬಲರ್ಹ: ವಿಲ್ಲಿಸ್‌ನಲ್ಲಿ ಅದು ದುಂಡನೆಯ ಕೊಳವೆ, ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯಂತಹ ಪಟ್ಟಿ. ಅಮೆರಿಕದ ಜೀಪು ಎಂದಮಾತ್ರಕ್ಕೆ ಅಮೆರಿಕದ ಸೇನೆ ಅಲ್ಲಿತ್ತು ಎಂದೂ ಅಲ್ಲ, ಮಿತ್ರರಾಷ್ಟ್ರಗಳಿಗೆ ಅಮೆರಿಕ ಯುದ್ಧಸಾಮಗ್ರಿ ಒದಗಿಸಿದ ಲೆಂಡ್-ಲೀಸ್ ನೆರವಿನಡಿ ಸೋವಿಯತ್ ಸೇನೆಗೂ ಜೀಪುಗಳು ಸಾಕಷ್ಟು ಬಂದಿದ್ದವು. ಗ್ರಿಲ್ ಎಲ್ಲಾದರೂ ಉಳಿದಿದ್ದರೆ ಅದರ ಸೀಳುಗಳನ್ನು ಎಣಿಸಿ. ಒತ್ತು ತಗಡಿನ ಯುದ್ಧಕಾಲದ ಗ್ರಿಲ್‌ಗೆ ಒಂಬತ್ತು, ಯುದ್ಧಾನಂತರದ ನಾಗರಿಕ ಬಳಕೆಯ ಸಿಜೆ-2ಎ ಜೀಪಿಗೆ ಏಳು. ಅಡ್ಡಪಟ್ಟಿಯ ಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳುಹಿಸಿ.