ಸಹಾಯ ಬೇಕು: ಯಕ್ಷಗಾನ ವಿಡಿಯೊದಲ್ಲಿ ಸದ್ದು ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಬಯಲಾಟಗಳನ್ನು ಎರಡು ಕ್ಯಾಮೆರಾ ಇಟ್ಟು ಶೂಟ್ ಮಾಡಿ, ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇನೆ. ಚಿತ್ರದ್ದು ತೊಂದರೆ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ 1/50 ಸೆಕೆಂಡ್ ಇಟ್ಟ ಮೇಲೆ ಟ್ಯೂಬ್‌ಲೈಟ್ ಮಿನುಗುವುದು ನಿಂತಿದೆ.

ತಲೆನೋವು ಇರುವುದು ಸದ್ದಿನದು. ಭಾಗವತರ ಪದಕ್ಕೆ ಲೆವೆಲ್ ಇಟ್ಟರೆ, ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಒಡೆಯುತ್ತದೆ. ಇಳಿಸಿದರೆ ವೇಷಧಾರಿಗಳ ಮಾತೇ ಕೇಳುವುದಿಲ್ಲ. ಮಾತು ಕೇಳದ ಮೇಲೆ ಆಟ ನೋಡಿ ಏನು ಪ್ರಯೋಜನ?

ಸೌಂಡ್ಸ್‌ನವರ ಮಿಕ್ಸರ್‌ನಿಂದ ನೇರ ಲೈನ್ ತೆಗೆದರೆ ಸಾಕಾ, ಚೆಂಡೆಗೆ ಬೇರೆ ಮೈಕ್ ಬೇಕಾ? ರೆಕಾರ್ಡರ್ ಬೇರೆ ಇಟ್ಟರೆ ಬೆಳಗಿನ ಹೊತ್ತಿಗೆ ಸದ್ದು, ಚಿತ್ರ ತುಸು ಹಿಂದೆಮುಂದೆ ಆಗುತ್ತವೆ. ಅದನ್ನು ಹೇಗೆ ಹೊಂದಿಸುತ್ತೀರಿ? ಆಟ ಶೂಟ್ ಮಾಡಿ ಅನುಭವ ಇದ್ದವರು ದಯವಿಟ್ಟು ತಿಳಿಸಿ.